ಒಂದು ದೀಪ ಅಂದ್ರೆ ಒಂದು ಕ್ಯಾನ್ ನೀರು

ಗೋವಾಕ್ಕೆ ಹೋಗುವ ದಾರಿಯ ಅಂಬೋಲಿ ಘಾಟಿನ ಮೇಲೆ, ರಾತ್ರಿ ಹನ್ನೊಂದು ಗಂಟೆ. ಅತ್ತೆ ನಮ್ಮ ಕ್ಯಾರವಾನಿನ, ಅಂದರೆ ಮನೆಯ ಹಾಗೆ ಕಟ್ಟಿದ ಗಾಡಿಯ, ಟಾಯ್ಲೆಟ್ಟಿಗೆ ಹೋಗಿದ್ದರು. ಒಳಗಿಂದ ನೀರಿನ ಪಂಪಿನ ಸದ್ದು ಕೇಳಿಸಿತು. ಆದರೆ ಅದು ದಿನಾ ಕೇಳುವ ಸದ್ದಲ್ಲ, ಖಾಲಿ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅಂತ. ಆಮೇಲೆ ಅತ್ತೆಯ ದನಿ: "ಏನವ್ವಾ, ನೀರ ಬರವಲ್ದಲ್ಲ."

ಎದ್ದು ನೀರಿನ ಮಟ್ಟ ತೋರಿಸುವ ಪ್ಯಾನೆಲ್ ನೋಡಿದೆ. ನಾಲ್ಕು ದೀಪದಲ್ಲಿ ಮೂರು ಹತ್ತಿದ್ದವು. ಅಂದರೆ 90 ಲೀಟರ್ ಟ್ಯಾಂಕಿನಲ್ಲಿ ಮುಕ್ಕಾಲು ನೀರಿರಬೇಕು. ನಮ್ಮ ಯಜಮಾನರು ಹಿಂದಿನ ಸೀಟು ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ತಳದಲ್ಲಿ ಒಂದು ಚೊಂಬು ನೀರು ಇತ್ತೋ ಇಲ್ಲವೋ. ಆಗ ಹೊಳೆಯಿತು, ಪುಣೆ ಬಿಟ್ಟಾಗಿನಿಂದ, ಎರಡು ದಿನದಿಂದ, ಅದೇ ಮೂರು ದೀಪ. ಕಡಿಮೆಯೂ ಆಗಿರಲಿಲ್ಲ, ಜಾಸ್ತಿಯೂ ಆಗಿರಲಿಲ್ಲ. ಈ ಸಲ ನೀರು ಹಿಡಿತದಲ್ಲಿ ಬಳಸ್ತಿದ್ದೀವಿ ಅಂತ ನಾವು ಖುಷಿಪಟ್ಟುಕೊಂಡಿದ್ದೆವು.

ಅತ್ತೆಗೆ ಎಪ್ಪತ್ತೆರಡು. ಎರಡೂ ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂರೋಕೆ ಆಗೋದಿಲ್ಲ. ಹೋಟೆಲು, ಪೆಟ್ರೋಲ್ ಬಂಕುಗಳ ಟಾಯ್ಲೆಟ್ಟಿನ ಭಯಕ್ಕೆ ಅವರು ಊರಿಗೆ ಬರೋದನ್ನೇ ಬಿಟ್ಟಿದ್ದರು. ಪ್ರಯಾಣದ ದಿನ ಬೆಳಗಿನಿಂದ ನೀರೇ ಕುಡೀತಿರಲಿಲ್ಲ. ನಾವು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡಿದ್ದು ಮುಖ್ಯವಾಗಿ ಅವರಿಗೋಸ್ಕರ. ಆ ಗಾಡಿಯಲ್ಲೇ ಅವರು ಕತ್ತಲಲ್ಲಿ ಒದ್ದೆ ಕೈ ಹಿಡಿದುಕೊಂಡು ನಿಂತಿದ್ದು ನೋಡಿ ನನಗೆ ಕರುಳು ಹಿಂಡಿದ ಹಾಗಾಯಿತು. ಕುಡಿಯೋಕೆ ಇಟ್ಟಿದ್ದ ಬಾಟಲಿ ನೀರು ಕೊಟ್ಟು ಆ ರಾತ್ರಿ ಕಳೆದೆವು. ಬೆಳಿಗ್ಗೆ ಒಂದು ಚಹಾ ಅಂಗಡಿಯವರು 20 ಲೀಟರಿನ ಎರಡು ಕ್ಯಾನ್ ತುಂಬಿಕೊಟ್ಟರು, ದುಡ್ಡು ಬೇಡ ಅಂದರು. ಗೋವಾ ನೋಡಿಕೊಂಡು ಬಂದೆವು, ಆದರೆ ದಿನಕ್ಕೆ ನಾಲ್ಕು ಸಲ ಸೀಟು ಎತ್ತಿ ಟಾರ್ಚ್ ಬಿಟ್ಟು ನೋಡುತ್ತಲೇ.

ಪುಣೆ ಪಕ್ಕದ ಚಿಂಚ್‌ವಡದ ಮನೆಗೆ ವಾಪಸ್ ಬಂದ ಮೇಲಿನ ಭಾನುವಾರ ಸೀಟಿನ ಕೆಳಗಿನ ಪ್ಲೈವುಡ್ ಪೂರ್ತಿ ಬಿಚ್ಚಿದೆ. ನಾನು ಚಾಕಣದಲ್ಲಿ ಕಾರಿನ ವೈರಿಂಗ್ ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಮಾಡುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದವಳು. ವೈರಿನ ಕೆಲಸ ಅಂದರೆ ನನಗೆ ಹೆದರಿಕೆ ಇಲ್ಲ. ಟ್ಯಾಂಕು, ಪ್ಲಾಸ್ಟಿಕ್ಕು, ಅಂಟು ಮಾತ್ರ ಹೊಸದು.

ಒಳಗೆ ನೋಡಿದ್ದು ಇಷ್ಟು. ಬಿಳಿ ಪ್ಲಾಸ್ಟಿಕ್ ಟ್ಯಾಂಕು. ಅದರ ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಕಡೆ ಹಳದಿ ಬಣ್ಣಕ್ಕೆ ತಿರುಗಿದ ಅಂಟಿನ ಕಲೆ. ಕಲೆ ಇದೆ, ನೀರಿನ ಮಟ್ಟ ತಿಳಿಯುವ ಸೆನ್ಸರ್ ಇಲ್ಲ. ಮೂರು ಸೆನ್ಸರ್ ಕೆಳಗೆ ಬಿದ್ದಿದ್ದವು, ಟ್ಯಾಂಕಿನ ಅಡಿಗೆ ಹಾಸಿದ್ದ ಸ್ಪಂಜಿನ ಮೇಲೆ ಮುಖ ಕೆಳಗೆ ಮಾಡಿಕೊಂಡು. ನಾಲ್ಕನೆಯದು ತನ್ನ ವೈರಿಗೇ ಜೋತುಬಿದ್ದಿತ್ತು. ಸ್ಪಂಜನ್ನು ಬೆರಳಲ್ಲಿ ಒತ್ತಿದರೆ ನೀರು ಜಿನುಗಿತು. ನೀರು ತುಂಬುವ ಪೈಪಿನ ಕ್ಲಿಪ್ ಸಡಿಲವಾಗಿತ್ತು, ತುಂಬಿದಾಗೆಲ್ಲ ಸ್ವಲ್ಪ ಸ್ವಲ್ಪ ಸೋರಿ ಸ್ಪಂಜು ಕುಡಿದಿತ್ತು.

ಮುಕ್ಕಾಲು ಟ್ಯಾಂಕಿನ ಗುಟ್ಟು ಅದೇ. ಈ ಸೆನ್ಸರುಗಳು ನೀರಿಗೆ ತಾಗೋದೇ ಇಲ್ಲ. ಟ್ಯಾಂಕಿನ ಹೊರಗೋಡೆಗೆ ಅಂಟಿಸಿದರೆ ಪ್ಲಾಸ್ಟಿಕ್ಕಿನ ಆಚೆ ನೀರಿದೆಯೋ ಗಾಳಿ ಇದೆಯೋ ಅಂತ ತಿಳಿದುಕೊಳ್ಳುತ್ತವೆ, ಮೊಬೈಲಿನ ಗಾಜು ಬೆರಳನ್ನು ತಿಳಿದುಕೊಳ್ಳುವ ಹಾಗೆಯೇ. ಕೆಪ್ಯಾಸಿಟಿವ್ ಸೆನ್ಸರ್ ಅನ್ನುತ್ತಾರೆ. ಅದಕ್ಕೆ ಟ್ಯಾಂಕಿನ ನೀರೂ ಒಂದೇ, ಒದ್ದೆ ಸ್ಪಂಜೂ ಒಂದೇ. ಮೂರು ಸೆನ್ಸರ್ ಒದ್ದೆಯಲ್ಲಿ ಮುಖ ಇಟ್ಟು ಮಲಗಿದ್ದವು, ಮೂರು ದೀಪ ಹತ್ತಿದ್ದವು.

ಗಾಡಿ ಕಟ್ಟಿದವರು ಅವನ್ನು ಬಿಸಿ ಅಂಟಿನ ಗನ್ನಿನಲ್ಲಿ ಅಂಟಿಸಿದ್ದರು. ನೋಡಿ ನಿಜಕ್ಕೂ ಬೇಜಾರಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ಆ ಅಂಟು ಮೆತ್ತಗಾಗುತ್ತೆ, ಅದರ ಮೇಲೆ ರಸ್ತೆಯ ಕುಲುಕಾಟ. ಎಷ್ಟು ದಿನ ನಿಂತೀತು? ನಾಲ್ಕು ಸೆನ್ಸರ್, ನಾಲ್ಕೂ ಒಂದೇ ಥರದ ಕಪ್ಪು ಬಿಲ್ಲೆ. ವೈರಿನ ಮೇಲೆ ಒಂದು ನಂಬರ್ ಇಲ್ಲ, ಒಂದು ಗುರುತಿಲ್ಲ. ನಾಲ್ಕರ ವೈರೂ ಒಂದೇ ಕಟ್ಟಾಗಿ ಗೋಡೆಯೊಳಗೆ ಹೋಗಿತ್ತು.

ಇಲ್ಲಿ ಒಂದು ಮಾತು. ಬಿದ್ದಿದ್ದನ್ನು ಕಂಡ ಕೂಡಲೇ ಅಂಟು ತಂದು ಕಲೆ ಇದ್ದ ಕಡೆ ಅಂಟಿಸಿಬಿಡೋಣ ಅಂತ ಕೈ ತುರಿಸುತ್ತೆ. ಇವರೂ ಅದನ್ನೇ ಹೇಳಿದರು. ಆದರೆ ಯಾವುದು ಯಾವ ದೀಪದ್ದು ಅಂತ ಗೊತ್ತಿಲ್ಲದೆ ಅಂಟಿಸಿದರೆ, ಅರ್ಧ ಟ್ಯಾಂಕಿಗೆ ಮೊದಲನೇ ದೀಪ ಬಿಟ್ಟು ಮೂರನೆಯದು ಹತ್ತುತ್ತೆ. ಮತ್ತೆ ಕೀಳಬೇಕು. ಕಿತ್ತ ಜಾಗಕ್ಕೆ ಅಂಟು ಎರಡನೇ ಸಲ ಮೊದಲಿನ ಹಾಗೆ ಹಿಡಿಯೋದಿಲ್ಲ.

ಗಾಡಿಗಳಲ್ಲಿ ಬೇರೆ ಥರದ ಸೆನ್ಸರೂ ಇರುತ್ತವೆ. ಟ್ಯಾಂಕಿನ ಮೇಲಿಂದ ಇಳಿಬಿಟ್ಟ ಕೊಳವೆ, ಅದರ ಮೇಲೆ ಜಾರುವ ಬೆಂಡು, ಬೆಂಡಿನಲ್ಲಿ ಅಯಸ್ಕಾಂತ. ನೀರು ಏರಿದ ಹಾಗೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತೆ. ಯುರೋಪಿನ ಲೆಕ್ಕದ್ದಾದರೆ ಖಾಲಿಗೆ 0, ತುಂಬಿದಾಗ 190 ಓಮ್. ಅಮೆರಿಕದ ಲೆಕ್ಕದ್ದಾದರೆ ಖಾಲಿಗೆ 240, ತುಂಬಿದಾಗ 33. ಅಂಥದ್ದಿದ್ದರೆ ಆ ತಡೆ ಅಳೆಯುವ ಮಲ್ಟಿಮೀಟರ್ ಹಚ್ಚಿ ಬೆಂಡನ್ನು ಕೈಯಲ್ಲಿ ಮೇಲೆ ಕೆಳಗೆ ಮಾಡಿದರೆ ಗೊತ್ತಾಗಿಬಿಡುತ್ತೆ. ನಮ್ಮ ಸಿಹಿನೀರಿನ ಟ್ಯಾಂಕಿಗೆ ಹೊರಗಿಂದ ಅಂಟಿಸುವ ಬಿಲ್ಲೆಗಳು. ಗಾಡಿಯ ಅಡಿಗಿರುವ ಬಚ್ಚಲ ನೀರಿನ ಟ್ಯಾಂಕಿಗೆ ಇನ್ನೊಂದು ಥರ, ಅದನ್ನು ಆಮೇಲೆ ಹೇಳುತ್ತೇನೆ.

ಸ್ಪಂಜು ಕಿತ್ತು ಬಿಸಿಲಿಗೆ ಹಾಕಿದೆ. ಸೆನ್ಸರುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದಕ್ಕೊಂದು ತಾಗದ ಹಾಗೆ ಪ್ಲೈವುಡ್ಡಿನ ಅಂಚಿನಿಂದ ಇಳಿಬಿಟ್ಟೆ. ಮಗಳು ಪ್ಯಾನೆಲ್ ಮುಂದೆ ಕೂತಿದ್ದಳು. "ಅಮ್ಮಾ, ಎಲ್ಲಾ ದೀಪ ಆರಿಹೋಯ್ತು!" ಅಂತ ಕೂಗಿದಳು. ಎರಡು ತಿಂಗಳಿಗೋ ಆರು ತಿಂಗಳಿಗೋ ಮೊದಲ ಸಲ ಆ ಪ್ಯಾನೆಲ್ ನಿಜ ಹೇಳಿತ್ತು. ಟ್ಯಾಂಕ್ ಖಾಲಿಯಾಗಿತ್ತು.

ಗುರುತು ಹಿಡಿಯೋದು ಇಷ್ಟು ಸುಲಭ ಇರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಸೆನ್ಸರಿನ ಮುಖವನ್ನು ಅಂಗೈಗೆ ಒತ್ತಿ ಹಿಡಿದರೆ ಸಾಕು. ಮನುಷ್ಯನ ಮೈ ಅಂದರೆ ಹೆಚ್ಚಿನ ಪಾಲು ನೀರೇ ಅಲ್ವಾ, ಸೆನ್ಸರಿಗೆ ನನ್ನ ಅಂಗೈ ತುಂಬಿದ ಟ್ಯಾಂಕಿನ ಹಾಗೆ ಕಾಣುತ್ತೆ. ಬಿಲ್ಲೆಯ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಒಂದು ದೀಪ ಹತ್ತುತ್ತೆ, ಅತ್ತ ಪ್ಯಾನೆಲ್ಲಿನಲ್ಲಿ ಅದರ ದೀಪ ಹತ್ತುತ್ತೆ. ಒಂದು ಹಿಡಿದೆ. "ಮೂರನೇದು!" ಅಂದಳು. ಬಿಟ್ಟೆ. "ಆರಿತು." ಇನ್ನೊಂದು ಹಿಡಿದೆ. "ಒಂದನೇದು!" ಎಲ್ಲಕ್ಕಿಂತ ಕೆಳಗೆ ಬಿದ್ದಿದ್ದು ಮೂರನೆಯದಾಗಿತ್ತು. ಬಿದ್ದ ಜಾಗ ನೋಡಿ ಅಂದಾಜಿನ ಮೇಲೆ ಅಂಟಿಸಿದ್ದರೆ ಅಲ್ಲೇ ಎಡವುತ್ತಿದ್ದೆವು.

ಪ್ರತಿಯೊಂದಕ್ಕೂ ಅಲ್ಲಿಂದಲ್ಲೇ ಗುರುತು ಹಾಕಿದೆ. ನೆನಪಿನಲ್ಲಿ ಇಟ್ಟುಕೊಳ್ಳೋಣ ಅಂತ ಬಿಡಬಾರದು, ಎರಡು ನಿಮಿಷಕ್ಕೆ ಕಲಸುಮೇಲೋಗರ ಆಗುತ್ತೆ. ಕಾರ್ಖಾನೆಯಲ್ಲಿ ನಾವು ನಂಬರ್ ಫೆರುಲ್ ಹಾಕುತ್ತಿದ್ದೆವು, ವೈರಿಗೆ ತೂರಿಸುವ ಸಣ್ಣ ಕೊಳವೆ, ಮೇಲೆ ಅಂಕಿ. ಅದು ವೈರಿನ ತುದಿ ಬಿಚ್ಚಿದಾಗ ಮಾತ್ರ ಹೋಗುತ್ತೆ. ಹಾಗಾಗಿ ಸದ್ಯಕ್ಕೆ ಮಾಸ್ಕಿಂಗ್ ಟೇಪನ್ನು ಬಾವುಟದ ಹಾಗೆ ಸುತ್ತಿ ಬಾಲ್ ಪೆನ್ನಿನಲ್ಲಿ 1, 2, 3 ಅಂತ ಬರೆದೆ. ಒಂದು ಗುರುತು ಸೆನ್ಸರ್ ಹತ್ತಿರ, ಇನ್ನೊಂದು ಕನೆಕ್ಟರ್ ಹತ್ತಿರ. ಎರಡು ಕಡೆ ಯಾಕೆ ಅಂದರೆ ಮುಂದೆ ರಿಪೇರಿ ಮಾಡುವವರು ಯಾವ ತುದಿಯಿಂದ ಶುರುಮಾಡುತ್ತಾರೋ ಗೊತ್ತಿಲ್ಲ.

ನಾಲ್ಕನೆಯದು ತಕರಾರು ಮಾಡಿತು. ಅಂಗೈಗೆ ಹಿಡಿದರೆ ಬೆನ್ನಿನ ದೀಪ ಹತ್ತುತ್ತೆ, ಪ್ಯಾನೆಲ್ಲಿನಲ್ಲಿ ಏನೂ ಇಲ್ಲ. ಸೆನ್ಸರ್ ಹಾಳಾಗಿದೆ, ಹೊಸದು ತರೋಣ ಅಂದರು ಇವರು. ಬೆನ್ನಿನ ದೀಪ ಹತ್ತಿದೆ ಅಂದರೆ ಸೆನ್ಸರಿಗೆ ಕರೆಂಟು ಬರುತ್ತಿದೆ, ಅದು ನೀರನ್ನು ಗುರುತಿಸುತ್ತಲೂ ಇದೆ. ಅದು ಹೇಳಿದ ಸುದ್ದಿ ದಾರಿಯಲ್ಲಿ ಎಲ್ಲೋ ನಿಂತಿದೆ. ಕಂದು ವೈರು ಪ್ಲಸ್, ನೀಲಿ ಮೈನಸ್, ಹಳದಿ ಸುದ್ದಿ ಒಯ್ಯುವ ವೈರು. ಪ್ಯಾನೆಲ್ ಬಿಚ್ಚಿ ಹಿಂದೆ ನೋಡಿದೆ. ಕನೆಕ್ಟರಿನಲ್ಲಿ ಹಳದಿ ವೈರಿನ ಪಿನ್ ಅರ್ಧ ಹಿಂದಕ್ಕೆ ಜರುಗಿತ್ತು. ಪಿನ್ನಿಗೆ ಒಂದು ಸಣ್ಣ ನಾಲಿಗೆ ಇರುತ್ತೆ, ಅದು ಕನೆಕ್ಟರಿನ ಒಳಗೆ ಟಿಕ್ ಅಂತ ಸಿಕ್ಕಿಕೊಳ್ಳಬೇಕು. ಇದು ಸಿಕ್ಕಿಕೊಂಡೇ ಇರಲಿಲ್ಲ, ಮೊದಲ ದಿನದಿಂದಲೂ ಇರಲಿಕ್ಕಿಲ್ಲ. ಯೋಚಿಸಿದರೆ ಟ್ಯಾಂಕ್ ತುಂಬಿ ತುಳುಕಿದಾಗಲೂ ನಾಲ್ಕನೇ ದೀಪ ಹತ್ತಿದ್ದು ನಮ್ಮ ಯಾರಿಗೂ ನೆನಪಿಲ್ಲ. ಸೂಜಿಯಲ್ಲಿ ಆ ನಾಲಿಗೆಯನ್ನು ಸ್ವಲ್ಪ ಎಬ್ಬಿಸಿ ಪಿನ್ ಒಳಗೆ ತಳ್ಳಿದೆ. ಟಿಕ್ ಅಂತು. ವೈರು ಮೆಲ್ಲಗೆ ಎಳೆದು ನೋಡಿದೆ, ಗಟ್ಟಿ. ಆ ಟಿಕ್ ಸದ್ದು ಕೇಳಿದರೆ ನನಗೆ ಈಗಲೂ ಮನಸ್ಸಿಗೆ ನೆಮ್ಮದಿ.

ಇನ್ನು ಎಲ್ಲಿ ಅಂಟಿಸೋದು? ಹಳೇ ಕಲೆಗಳು 10, 20, 30, 37 ಸೆಂಟಿಮೀಟರ್ ಎತ್ತರದಲ್ಲಿದ್ದವು. ಸುಮ್ನೆ ಸ್ಕೇಲ್ ಇಟ್ಟು ಸಮ ಭಾಗ ಮಾಡಿದ್ದು. ನಮ್ಮ ಟ್ಯಾಂಕು ಸರಿಯಾದ ಚೌಕ ಅಲ್ಲ. ಹಿಂದಿನ ಚಕ್ರದ ಕಮಾನು ಬರುವುದರಿಂದ ಕೆಳಭಾಗ ಒಂದು ಕಡೆ ಒಳಗೆ ಹೋಗಿದೆ, ಮೇಲೆ ಅಗಲ. ಎತ್ತರದ ಕಾಲು ಭಾಗ ಅಂದರೆ ನೀರಿನ ಕಾಲು ಭಾಗ ಅಲ್ಲ.

ಹಾಗಾಗಿ ಅಳೆದೇ ನೋಡೋಣ ಅಂತ ಗಾಡಿಯನ್ನು ನಮ್ಮ ಹೌಸಿಂಗ್ ಸೊಸೈಟಿಯ ಸಮತಟ್ಟು ಜಾಗಕ್ಕೆ ತಂದು, ಗಾಡಿಯೊಳಗಿನ ನೆಲದ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ, ಒಂದು ಚಕ್ರದ ಕೆಳಗೆ ಹಲಗೆ ಕೊಟ್ಟೆವು. 20 ಲೀಟರಿನ ಕ್ಯಾನಿನಿಂದ ಒಂದೊಂದೇ ಸುರಿದೆವು. ಬಿಳಿ ಟ್ಯಾಂಕಿನ ಹಿಂದಿನಿಂದ ಟಾರ್ಚ್ ಹಿಡಿದರೆ ನೀರಿನ ಗೆರೆ ಹೊರಗೆ ನೆರಳಿನ ಹಾಗೆ ಕಾಣುತ್ತೆ. ಮಾರ್ಕರಿನಲ್ಲಿ ಗೀಟು ಎಳೆದೆ. ಮೊದಲನೇ ಕ್ಯಾನಿಗೆ 13 ಸೆಂಟಿಮೀಟರ್. ಎರಡನೆಯದಕ್ಕೆ 20. ಮೂರಕ್ಕೆ 27, ನಾಲ್ಕಕ್ಕೆ 34, ಕೊನೆಯ ಅರ್ಧ ಕ್ಯಾನಿಗೆ ಮೂವತ್ತೇಳೂವರೆ. ಮೊದಲ ಕ್ಯಾನು 13 ಏರಿತು, ಆಮೇಲಿನವು ಏಳೇಳು. ಅಂದರೆ ಹಳೇ ಲೆಕ್ಕದಲ್ಲಿ ಮೊದಲ ದೀಪ ಕಾಲು ಟ್ಯಾಂಕ್ ಅನ್ನುವಾಗ ಒಳಗೆ ಇದ್ದಿದ್ದು ಹದಿನೈದು ಲೀಟರ್. ಅದರಲ್ಲೂ ಪಂಪಿನ ಪೈಪು ತಳದಿಂದ ಎರಡು ಸೆಂಟಿಮೀಟರ್ ಮೇಲಿದೆ, ಅಡಿಯ ಮೂರು ಲೀಟರ್ ಬರುವುದೇ ಇಲ್ಲ. ಮೇಲಿನ ದೀಪಗಳು ಹೆಚ್ಚೂ ಕಡಿಮೆ ಸರಿ ಇದ್ದವು. ತಪ್ಪು ಇದ್ದಿದ್ದು ಕೆಳಗಿನದರಲ್ಲೇ, ಜನಕ್ಕೆ ನಿಜವಾಗಿ ಬೇಕಾಗುವ ದೀಪದಲ್ಲೇ.

ಆಗ ಅತ್ತೆ ಒಂದು ಮಾತು ಹೇಳಿದರು. ಅವರು ಕುರ್ಚಿ ಹಾಕಿಕೊಂಡು ನಮ್ಮ ಕೆಲಸ ನೋಡುತ್ತಾ ಕೂತಿದ್ದರು. "ಪಾವ, ಅರ್ಧ, ಮುಕ್ಕಾಲ ಅಂದ್ರ ನನಗ ತಿಳಿಯಂಗಿಲ್ಲವ್ವಾ. ಎಷ್ಟ ಕೊಡ ಅದಾವು ಹೇಳು." ಅವರು ಹುಬ್ಬಳ್ಳಿ ಕಡೆಯ ಹಳ್ಳಿಯಲ್ಲಿ ಮದುವೆಯಾದ ಹೊಸದರಲ್ಲಿ ಕೆರೆಯಿಂದ ಸಿಹಿನೀರು ಹೊತ್ತವರು. ಸವಳು ನೀರು ಬಾವಿಯದು, ಬಳಸೋಕೆ. ಸಿಹಿನೀರಿನ ಲೆಕ್ಕ ಕೊಡದಲ್ಲೇ. ಅವರ ಮಾತು ಕೇಳಿ ನಾನು ಕಾಲು, ಅರ್ಧ, ಮುಕ್ಕಾಲು ಬಿಟ್ಟೇಬಿಟ್ಟೆ. ನಾವು ದಾರಿಯಲ್ಲಿ ತುಂಬಿಸಿಕೊಳ್ಳೋದು ಕ್ಯಾನಿನಲ್ಲಿ. ಹಾಗಾದರೆ ಸೆನ್ಸರೂ ಕ್ಯಾನಿನ ಗೀಟಿಗೇ ಇರಲಿ: 13, 20, 27, 34. ಒಂದು ದೀಪ ಅಂದರೆ ಒಂದು ಕ್ಯಾನು. ಯಾರೂ ಲೆಕ್ಕ ಹಾಕೋ ಹಾಗಿಲ್ಲ.

ಅಂಟಿನ ವಿಷಯಕ್ಕೆ ಬಂದಾಗ ನಾನು ಸಿಲಿಕಾನ್ ಟ್ಯೂಬ್ ತಂದಿದ್ದೆ. ಒಂದು ಮೂಲೆಯಲ್ಲಿ ಹಚ್ಚಿ ನೋಡಿ ಮಾರನೇ ದಿನ ಉಗುರಲ್ಲಿ ಎಬ್ಬಿಸಿದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಪೂರ್ತಿ ಎದ್ದು ಬಂತು. ಫೆವಿಕ್ವಿಕ್ಕೂ ಅಷ್ಟೇ. ನಮ್ಮ ಮನೆ ಹತ್ತಿರ ಕಾರಿಗೆ ಬಣ್ಣ ಹೊಡೆಯುವ ಒಂದು ಗ್ಯಾರೇಜಿದೆ. ಅಲ್ಲಿ ಕೆಲಸ ಮಾಡುವ ಹುಡುಗ ವಿಜಯಪುರ ಜಿಲ್ಲೆಯವನು, ಕನ್ನಡ ಮಾತಾಡೋಕೆ ಸಿಕ್ಕರೆ ಬಣ್ಣದ ಗನ್ನು ಕೆಳಗಿಟ್ಟು ಬರುತ್ತಾನೆ. ಅವನು ಬಂದು ಟ್ಯಾಂಕಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದ. ಹನಿಗಳು ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ಕೂತು ಜಾರಿಹೋದವು. "ನೋಡ್ರಿ ಅಕ್ಕಾರ, ನೀರ ಹತ್ತವಲ್ದು, ಗಮ್ ಹ್ಯಾಂಗ ಹತ್ತತೈತ್ರಿ? ಇದು ಬಂಪರ್ ಇದ್ದಂಗ. ಮೊದಲ ಪ್ರೈಮರ್ ಹೊಡೀಬೇಕ್ರಿ."

ಅವನ ಮಾತು ನೂರಕ್ಕೆ ನೂರು ನಿಜ. ಈ ಟ್ಯಾಂಕುಗಳು ಪಾಲಿಎಥಿಲೀನ್, ನಮ್ಮ ಮನೆಯ ಮಾಳಿಗೆ ಮೇಲಿನ ಟ್ಯಾಂಕಿನ ಜಾತಿ. ಅದರ ಮೈಯೇ ಎಣ್ಣೆ ಸವರಿದ ಹಾಗೆ, ಸಾಮಾನ್ಯ ಅಂಟು ಯಾವುದೂ ಗಟ್ಟಿಯಾಗಿ ಕಚ್ಚಿಕೊಳ್ಳೋದಿಲ್ಲ. ಕಾರಿನ ಬಂಪರು ಪಾಲಿಪ್ರೊಪಿಲೀನ್, ಅದಕ್ಕೂ ಇದೇ ರೋಗ. ಅದಕ್ಕೇ ಬಣ್ಣದವರು ಮೊದಲು ಪ್ಲಾಸ್ಟಿಕ್ ಪ್ರೈಮರ್ ಹಚ್ಚುತ್ತಾರೆ. ಗ್ಯಾಸ್ ಬೆಂಕಿಯನ್ನು ಸರಕ್ಕನೆ ಆಡಿಸಿಯೂ ಮೈಯನ್ನು ಅಂಟು ಹಿಡಿಯುವ ಹಾಗೆ ಮಾಡಬಹುದು. ಆದರೆ ಸಿಲಿಂಡರ್ ಇರುವ ಗಾಡಿಯೊಳಗೆ, ವೈರು, ಪ್ಲೈವುಡ್ಡಿನ ಪಕ್ಕದಲ್ಲಿ ಬೆಂಕಿ ಆಡಿಸುವ ಕೆಲಸಕ್ಕೆ ನಾನು ಒಪ್ಪಲಿಲ್ಲ, ಯಾರಿಗೂ ಹೇಳುವುದೂ ಇಲ್ಲ.

ಹಳೇ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು ತೆಗೆದೆ, ಚಾಕು ಹಾಕಿದರೆ ಟ್ಯಾಂಕಿಗೆ ಗೀರು ಬೀಳುತ್ತೆ. ಜಿಡ್ಡು ಉಳಿದಿದ್ದಕ್ಕೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಒರೆಸಿದೆ. ಎಣ್ಣೆ ಹೋಗಲು ಸೋಪಿನ ನೀರು, ಆಮೇಲೆ ಐಸೊಪ್ರೊಪಿಲ್ ಆಲ್ಕೊಹಾಲ್. ಗೀಟಿನ ಸುತ್ತ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗವನ್ನು ನುಣ್ಣನೆಯ ಮರಳು ಕಾಗದದಲ್ಲಿ ಹೊಳಪು ಹೋಗುವಷ್ಟು ಮಾತ್ರ ತಿಕ್ಕಿ, ಮತ್ತೆ ಒರೆಸಿ, ಪ್ರೈಮರನ್ನು ತೆಳ್ಳಗೆ ಹಚ್ಚಿದೆ. ಒಣಗಿದ ಮೇಲೆ ಎರಡೂ ಕಡೆ ಅಂಟಿರುವ, ತುಂಬಾ ಗಟ್ಟಿಯಾಗಿ ಹಿಡಿಯುವ ವಿಎಚ್‌ಬಿ ಟೇಪ್. ಸೆನ್ಸರಿನ ಮುಖಕ್ಕೆ ಸರಿಯಾಗಿ ಗುಂಡಗೆ ಕತ್ತರಿಸಿಕೊಂಡೆ, ಮಧ್ಯೆ ಗಾಳಿ ಉಳಿಯದ ಹಾಗೆ ಮೊದಲು ಒಂದು ಅಂಚು ತಾಗಿಸಿ ಆಮೇಲೆ ಪೂರ್ತಿ ಒತ್ತಿದೆ.

ಇಲ್ಲೊಂದು ಕಂಡುಕೊಂಡ ವಿಷಯ ಇದೆ. ಟ್ಯಾಂಕ್ ತುಂಬಿದ್ದಾಗ ಗೋಡೆಗೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದ್ದೆ. ನಡುಭಾಗ ನಾಲ್ಕೈದು ಮಿಲಿಮೀಟರ್ ಉಬ್ಬಿತ್ತು. ಖಾಲಿ ಮಾಡಿದರೆ ಚಪ್ಪಟೆ. 90 ಲೀಟರ್ ಅಂದರೆ 90 ಕಿಲೋ ತೂಕ, ಉಬ್ಬದೆ ಏನು ಮಾಡುತ್ತೆ? ಹೀಗೆ ಪ್ರತಿ ಸಲ ಉಬ್ಬಿ ಇಳಿಯುವ ಗೋಡೆಗೆ ಗಟ್ಟಿ ಬಿಲ್ಲೆ ಅಂಟಿಸಿದರೆ ಅಂಚಿನಿಂದ ಅಂಟು ಬಿಡುತ್ತಾ ಹೋಗುತ್ತೆ. ವಿಎಚ್‌ಬಿ ಸ್ವಲ್ಪ ಮೆತ್ತಗಿರುವ ಟೇಪು, ಗೋಡೆಯ ಜೊತೆ ಬಾಗುತ್ತೆ. ಅದೂ ಸಾಲದು ಅಂತ ನಾನು ಟ್ಯಾಂಕನ್ನು ಅರ್ಧ ತುಂಬಿಸಿಕೊಂಡು ಅಂಟಿಸಿದೆ, ತುಂಬಿದರೂ ಖಾಲಿಯಾದರೂ ಎಳೆತ ಅರ್ಧರ್ಧ ಆಗಲಿ ಅಂತ. ಮೇಲೆ ಒಂದು ಪಿವಿಸಿ ಪಟ್ಟಿ ಹಾಕಿದೆ, ಮನೆಯ ವೈರಿಂಗಿಗೆ ಬಳಸುವ ಬಿಳಿ ಪಟ್ಟಿಯೇ. ನಾಲ್ಕೂ ಬಿಲ್ಲೆಯ ಬೆನ್ನಿನ ಮೇಲೆ ಅದನ್ನು ಉದ್ದಕ್ಕೆ ಇಟ್ಟು, ದೀಪ ಕಾಣಲಿ ಅಂತ ನಾಲ್ಕು ತೂತು ಕೊರೆದು, ಸ್ಕೂಲ್ ಬ್ಯಾಗಿಗೆ ಹಾಕುವ ನೈಲಾನ್ ಪಟ್ಟಿಯಿಂದ ಮೇಲೆ ಕೆಳಗೆ ಎರಡು ಕಡೆ ಟ್ಯಾಂಕಿಗೆ ಸುತ್ತಿ ಬಿಗಿದೆ. ಬಕಲ್ಲೂ ಪ್ಲಾಸ್ಟಿಕ್ಕಿನದೇ. ಸೆನ್ಸರಿನ ಹತ್ತಿರ ಕಬ್ಬಿಣ, ತಗಡು ಇದ್ದರೆ ಅದನ್ನೂ ನೀರು ಅಂದುಕೊಳ್ಳುತ್ತೆ. ಮುಂದೊಂದು ದಿನ ಟೇಪು ಬಿಟ್ಟರೂ ಬಿಲ್ಲೆ ಗೋಡೆ ಬಿಟ್ಟು ಬೀಳೋ ಹಾಗಿಲ್ಲ.

ಆ ಟೇಪಿಗೆ ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. 20 ನಿಮಿಷಕ್ಕೆ ಅರ್ಧ ಬರುತ್ತೆ, ಒಂದು ದಿನಕ್ಕೆ ನೂರಕ್ಕೆ ತೊಂಬತ್ತು. ಆಗಲೇ ತುಂಬಿಸಿ ನೋಡೋಣ ಅಂತ ಮಗಳ ಹಟ. ಮೂರು ದಿನ ಗಾಡಿಯ ಕೀಲಿಯನ್ನು ನನ್ನ ಪರ್ಸಿನಲ್ಲೇ ಇಟ್ಟುಕೊಂಡಿದ್ದೆ.

ಈ ಮಧ್ಯೆ ಬಚ್ಚಲ ಟ್ಯಾಂಕು. ಪಾತ್ರೆ ತೊಳೆದ ನೀರು, ಕೈ ತೊಳೆದ ನೀರು ಹೋಗುವ 60 ಲೀಟರಿನ ಟ್ಯಾಂಕು, ಗಾಡಿಯ ಅಡಿಗೆ ತೂಗುಹಾಕಿದ್ದು. ಇದರ ಸೆನ್ಸರ್ ಅಂದರೆ ಗೋಡೆಯಲ್ಲಿ ರಬ್ಬರ್ ಬಳೆ ಹಾಕಿ ತೂರಿಸಿದ ಸ್ಟೀಲ್ ಸ್ಕ್ರೂಗಳು. ತಳದಲ್ಲಿ ಒಂದು, ಅದು ಎಲ್ಲಕ್ಕೂ ಸೇರಿದ್ದು. ಮೇಲೆ ಮೂರು. ನೀರು ಏರಿ ಸ್ಕ್ರೂ ಮುಟ್ಟಿದರೆ ನೀರಿನ ಮೂಲಕವೇ ತಳದ ಸ್ಕ್ರೂಗೆ ಸ್ವಲ್ಪ ಕರೆಂಟು ಹರಿದು ದೀಪ ಹತ್ತುತ್ತೆ. ಗಾಡಿಗೆ ಕಲ್ಲು ಒತ್ತು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಅಡಿಗೆ ಮಲಗಿ ನೋಡಿದರೆ ಮಳೆಗಾಲದ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಒಂದು ವೈರು ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಸಮೇತ ನೇತಾಡುತ್ತಿತ್ತು, ಉಳಿದ ಲಗ್ಗುಗಳು ಹಸಿರು ಹಿಡಿದಿದ್ದವು.

ಇದರ ಗುರುತು ಹಿಡಿಯಲು ಅಂಗೈ ನಡೆಯೋದಿಲ್ಲ. ಎರಡು ತುದಿಗೂ ಮೊಸಳೆ ಕ್ಲಿಪ್ ಇರುವ ಒಂದು ವೈರು ತಗೊಂಡೆ. ಒಂದು ತುದಿ ತಳದ ಸ್ಕ್ರೂಗೆ, ಇನ್ನೊಂದು ತುದಿಯನ್ನು ಒಂದೊಂದೇ ಲಗ್ಗಿಗೆ ಮುಟ್ಟಿಸಿದೆ. ಮೇಲಿಂದ ಮಗಳು ಯಾವ ದೀಪ ಅಂತ ಕೂಗಿದಳು. ಐದು ನಿಮಿಷದ ಕೆಲಸ. ಬಿಚ್ಚುವಾಗ ಮಾತ್ರ ಎಚ್ಚರ ಬೇಕು. ಸ್ಕ್ರೂ ಮೇಲೆ ಎರಡು ನಟ್ಟು ಇರುತ್ತವೆ. ಒಳಗಿನ ನಟ್ಟನ್ನು ಒಂದು ಪಾನಾದಲ್ಲಿ ಹಿಡಿದುಕೊಂಡೇ ಹೊರಗಿನದನ್ನು ತಿರುಗಿಸಬೇಕು. ಇಲ್ಲದಿದ್ದರೆ ಇಡೀ ಸ್ಕ್ರೂ ತಿರುಗಿ ರಬ್ಬರ್ ಬಳೆ ಹರಿಯುತ್ತೆ, ಆಮೇಲೆ ಆ ತೂತಿನಿಂದ ಬಚ್ಚಲ ನೀರು ತೊಟ್ಟಿಕ್ಕುತ್ತೆ. ಪುಣೆಯ ಬುಧವಾರ ಪೇಟೆ ಬಡಾವಣೆಯ ತಪ್ಕೀರ್ ಗಲ್ಲಿಯಿಂದ ಹೊಸ ಲಗ್ಗು, ಬಿಸಿ ಮಾಡಿದರೆ ಕುಗ್ಗಿ ಕೂರುವ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ, ಸ್ಟೀಲ್ ವಾಷರು ತಂದು ಹೊಸದಾಗಿ ಕ್ರಿಂಪ್ ಮಾಡಿ, ಅಂದರೆ ಲಗ್ಗನ್ನು ವೈರಿಗೆ ಒತ್ತಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಸವರಿದೆ. ಅಷ್ಟಾದರೂ ಖಾಲಿ ಟ್ಯಾಂಕಿಗೆ ಒಂದು ದೀಪ ಆರಲೇ ಇಲ್ಲ. ಒಳಗಿನ ಗೋಡೆಗೆ ಎಣ್ಣೆ, ಸೋಪಿನ ಜಿಡ್ಡು ಪದರಗಟ್ಟಿ, ಅದು ಹಸಿಯಾಗಿದ್ದು ಸ್ಕ್ರೂಗಳ ನಡುವೆ ಸೇತುವೆ ಆಗಿತ್ತು. ಅರ್ಧ ಟ್ಯಾಂಕ್ ಬಿಸಿನೀರಿಗೆ ವಾಷಿಂಗ್ ಸೋಡಾ ಕಲಸಿ ತುಂಬಿ, ತಳೇಗಾಂವ್‌ವರೆಗೆ ಓಡಿಸಿಕೊಂಡು ಬಂದೆವು. ನೀರು ಕುಲುಕಿ ಕುಲುಕಿ ತಾನೇ ತಿಕ್ಕಿತು. ಎರಡು ಸಲ ಮಾಡಿದ ಮೇಲೆ ದೀಪ ಆರಿತು. ಈಗ ಪಾತ್ರೆ ತೊಳೆಯುವ ಮೊದಲು ಎಣ್ಣೆ ಜಿಡ್ಡನ್ನು ಕಾಗದದಲ್ಲಿ ಒರೆಸಿ ಎಸೆಯುವುದು ನಮ್ಮ ಗಾಡಿಯ ಕಾನೂನು.

ಮೂರು ದಿನ ಕಳೆದ ಮೇಲೆ, ಸಂಜೆ, ಸಿಹಿನೀರಿನ ಟ್ಯಾಂಕಿನ ಪರೀಕ್ಷೆ. ಖಾಲಿ ಮಾಡಿ ಮತ್ತೆ ಕ್ಯಾನಿನಲ್ಲಿ ಸುರಿದೆವು. ಮೊದಲ ಕ್ಯಾನು ಬಗ್ಗಿಸಿ ಕೊನೆಯ ಚೊಂಬಿನಷ್ಟು ನೀರು ಬೀಳುವಾಗ ಒಂದನೇ ದೀಪ ಹತ್ತಿತು. ಎರಡನೇ ಕ್ಯಾನಿಗೆ ಎರಡನೆಯದರ ಜೊತೆ ಮೂರನೆಯದೂ ಹತ್ತಿಬಿಟ್ಟಿತು. ಎದೆ ಧಸಕ್ಕೆಂದಿತು, ಮತ್ತೆ ಕೀಳಬೇಕಾ ಅಂತ. ಪಟ್ಟಿಯ ತೂತಿನಿಂದ ನೋಡಿದರೆ ಮೂರನೇ ಬಿಲ್ಲೆಯ ಬೆನ್ನಿನ ದೀಪವೂ ಹತ್ತಿದೆ. ಅಂದರೆ ಅದಕ್ಕೆ ನಿಜವಾಗಿಯೂ ಏನೋ ಕಾಣುತ್ತಿದೆ. ಪಕ್ಕದಲ್ಲಿ ಕೈ ಆಡಿಸಿದೆ. ಬ್ಯಾಟರಿಯ ದಪ್ಪ ಕೇಬಲ್ಲನ್ನು ಹಿಡಿದಿದ್ದ ಒಂದು ತಗಡಿನ ಕ್ಲಾಂಪು, ನಾವು ಪ್ಲೈವುಡ್ ವಾಪಸ್ ಇಡುವಾಗ ಜರುಗಿ ಬಿಲ್ಲೆಗೆ ಒತ್ತಿಕೊಂಡಿತ್ತು. ಕ್ಲಾಂಪು ಬಿಚ್ಚಿ ನಾಲ್ಕು ಬೆರಳು ಆಚೆ ಹಾಕಿದೆ, ಅದೂ ಪ್ಲಾಸ್ಟಿಕ್ ಕ್ಲಾಂಪು. ದೀಪ ಆರಿತು. ಮೂರನೇ ಕ್ಯಾನಿಗೆ ಸರಿಯಾಗಿ ಹತ್ತಿತು. ನಾಲ್ಕನೇ ಕ್ಯಾನಿಗೆ, ನಾವು ಯಾರೂ ಒಮ್ಮೆಯೂ ನೋಡದಿದ್ದ ಆ ನಾಲ್ಕನೇ ದೀಪ ಹಸಿರಾಗಿ ಹತ್ತಿತು. ಮಗಳು ಚಪ್ಪಾಳೆ ತಟ್ಟಿದಳು.

ಆಮೇಲೆ ಟೇಪಿನ ಬಾವುಟ ತೆಗೆದು ನಂಬರ್ ಫೆರುಲ್ ಹಾಕಿದೆ. ಯಾವ ವೈರು ಯಾವ ದೀಪಕ್ಕೆ, ಯಾವ ಎತ್ತರಕ್ಕೆ, ಯಾವ ಬಣ್ಣ ಏನಕ್ಕೆ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಪ್ಲಾಸ್ಟಿಕ್ ಹೊದಿಸಿ ಸೀಟಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮರಾಠಿ ಯಾಕೆ ಅಂದರೆ ದಾರಿಯಲ್ಲಿ ಕೆಟ್ಟರೆ ಸಾತಾರಾದಲ್ಲೋ ಕರಾಡದಲ್ಲೋ ನೋಡುವ ಮೆಕ್ಯಾನಿಕ್ಕಿಗೂ ಅರ್ಥವಾಗಬೇಕು. ಪೈಪಿನ ಕ್ಲಿಪ್ ಬದಲಾಯಿಸಿದ್ದು, ಒಣಗಿದ ಸ್ಪಂಜಿನ ಬದಲು ನೀರು ಕುಡಿಯದ ರಬ್ಬರ್ ಹಾಸು ಹಾಕಿದ್ದು ಬೇರೆ.

ಹೋದ ತಿಂಗಳು ಊರಿಗೆ ಹೊರಟೆವು. ಕೊಲ್ಲಾಪುರ ದಾಟಿದ ಮೇಲೆ ಇಳಿಜಾರಿನ ಜಾಗದಲ್ಲಿ ಊಟಕ್ಕೆ ನಿಲ್ಲಿಸಿದಾಗ ಎರಡನೇ ದೀಪ ಒಮ್ಮೆ ಆರಿ, ಸಮತಟ್ಟಿಗೆ ಬಂದ ಮೇಲೆ ಮತ್ತೆ ಹತ್ತಿತು. ಗಾಡಿ ವಾಲಿದರೆ ನೀರೂ ವಾಲುತ್ತೆ, ಅದು ಸೆನ್ಸರಿನ ತಪ್ಪಲ್ಲ. ನಿಪ್ಪಾಣಿ ಹತ್ತಿರ ಅದು ನಿಜವಾಗಿ ಆರಿ ಒಂದೇ ದೀಪ ಉಳಿಯಿತು. ಅತ್ತೆ ಕಿಟಕಿ ಪಕ್ಕ ಕೂತು ನಿಶ್ಚಿಂತೆಯಿಂದ ಲೋಟ ತುಂಬ ನೀರು ಕುಡಿದು, "ಎಷ್ಟ ಕೊಡ ಉಳದಾವವ್ವಾ?" ಅಂತ ಮೊಮ್ಮಗಳನ್ನು ಕೇಳಿದರು. ಅವಳು ಪ್ಯಾನೆಲ್ ನೋಡಿ, "ಒಂದು ಕ್ಯಾನ್ ಅಜ್ಜಿ. ಅಪ್ಪಾ, ಮುಂದಿನ ಬಂಕಿನಲ್ಲಿ ನಿಲ್ಲಿಸು," ಅಂದಳು. ಇವರು ನಿಲ್ಲಿಸಿದರು.